ನನ್ನ ನಗರಸೇವಕಿ ಅಳು ನಿಲ್ಲಿಸಿದ್ದು

ನಗರಸೇವಕಿಯೊಬ್ಬಳ, ಅಂದರೆ ಪಾಲಿಕೆ ಸದಸ್ಯೆಯೊಬ್ಬಳ ಕತೆ ಬರೆಯಬೇಕು ಅಂತ ಹೊರಟಾಗ ನನ್ನ ಹತ್ತಿರ ಇದ್ದದ್ದು ಒಂದೇ ಚಿತ್ರ. ಅಡುಗೆಮನೆಯ ನೆಲದ ಮೇಲೆ ಕೂತು, ಮಗುವಿಗೆ ಹಾಲು ಕುಡಿಸುತ್ತಾ, ಬಲಗೈಯಲ್ಲಿ ಖಾಲಿ ಲೆಟರ್‌ಹೆಡ್‌ಗಳಿಗೆ ಒಂದಾದ ಮೇಲೊಂದು ಸಹಿ ಹಾಕುತ್ತಿರುವ ಹೆಂಗಸು. ಒಕ್ಕಣೆ ಆಮೇಲೆ ಗಂಡ ತುಂಬಿಸಿಕೊಳ್ಳುತ್ತಾನೆ. ಸ್ಕೂಲ್ ಅಡ್ಮಿಷನ್ನು, ಅದು ಇದು ಅಂತ ಮುಂಬೈಯಲ್ಲಿ ಜನ ಆ ಕಾಗದಕ್ಕೆ ಓಡಾಡುತ್ತಲೇ ಇರುತ್ತಾರೆ.

ಹಿನ್ನೆಲೆ ಕಷ್ಟವಾಗಲಿಲ್ಲ. 2011ರಿಂದ ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ಮುಂಬೈ ಪಾಲಿಕೆಯ 227 ವಾರ್ಡುಗಳಲ್ಲಿ 114. ಯಾವ ವಾರ್ಡು ಅನ್ನುವುದು ಲಾಟರಿಯಲ್ಲಿ ತೀರ್ಮಾನ. ವರ್ಷಗಟ್ಟಲೆ ಗಣಪತಿ ಮಂಡಲಕ್ಕೆ ದುಡ್ಡು ಸುರಿದವನ ವಾರ್ಡಿಗೆ ಮಹಿಳಾ ಮೀಸಲಿನ ಚೀಟಿ ಬಿತ್ತು ಅಂದರೆ, ಮರುದಿನ ಬ್ಯಾನರಿನಲ್ಲಿ ಹೆಂಡತಿಯ ಫೋಟೋ. ನನ್ನ ಕತೆಯ ಗಂಡ ಘಾಟ್‌ಕೋಪರ್‌ನಲ್ಲಿ ಹೋಟೆಲ್ ಇಟ್ಟ ಕುಂದಾಪುರದವನು.

ನಾನು ಸಿಕ್ಕಿಹಾಕಿಕೊಂಡದ್ದು ತಾಯ್ತನದಲ್ಲಿ. ಇಲ್ಲಿ ಇನ್ನೊಂದು ಕಾನೂನಿದೆ. 2001ರ ಸೆಪ್ಟೆಂಬರ್ 12ರ ನಂತರ ಮೂರನೇ ಮಗುವಾದವರು ಪಾಲಿಕೆ ಚುನಾವಣೆಗೆ ನಿಲ್ಲುವಂತಿಲ್ಲ. ಗೆದ್ದ ಮೇಲೆ ಆದರೆ ಕುರ್ಚಿ ಹೋಗುತ್ತದೆ. ನನ್ನವಳಿಗೆ ಇಬ್ಬರು ಹೆಣ್ಣುಮಕ್ಕಳು. ಅತ್ತೆಗೆ ಮೊಮ್ಮಗ ಬೇಕು, ಗಂಡನಿಗೆ ಸೀಟು ಬೇಕು. ಆಹಾ, ಎಂಥಾ ಇಕ್ಕಟ್ಟು ಅಂತ ಹನ್ನೆರಡು ಪುಟ ಅವಳನ್ನು ಅಳಿಸಿದೆ. ಡೊಂಬಿವಲಿ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಟೈಪ್ ಮಾಡಿದ ಪುಟಗಳು. ನನಗೂ ಕಣ್ಣೀರು ಬಂದಿತ್ತು, ಸುಳ್ಳು ಯಾಕೆ?

ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಬಸಳೆ ಸೊಪ್ಪು ಬಿಡಿಸುತ್ತಾ ಕೇಳಿದರು. "ಅಲ್ಲ ಮಾರಾಯ್ತಿ, ಇವಳು ಹೀಗೆ ಅಳ್ತಾ ಕೂತ್ರೆ ವಾರ್ಡಿಗೆ ನೀರು ಬಿಡಿಸುವುದು ಯಾರು?"

ಸಿಟ್ಟು ಬಂತು. ಆದರೆ ಮಾರನೇ ದಿನ ಠಾಣೆ ಬರುವಷ್ಟರಲ್ಲಿ, ಅವಳನ್ನು ಅಳಿಸಿದ ಪುಟಗಳನ್ನೆಲ್ಲ ನಾನೇ ಅಳಿಸಿ ಹಾಕಿದ್ದೆ.

ನೋಡಿದರೆ, ಆ ಮನೆಯವರ ಹಾಗೇ ನಾನೂ ಅವಳ ಬಸಿರಿನ ಲೆಕ್ಕ ಇಟ್ಟುಕೊಂಡು ಕೂತಿದ್ದೆ. ದಿನಾ ಸಹಿ ಹಾಕುವ ಕಾಗದದಲ್ಲಿ ಆಮೇಲೆ ಏನು ಬರೆಯುತ್ತಾರೆ ಅಂತ ಅವಳಿಗೆ ಅನ್ನಿಸುವುದಿಲ್ವಾ? ಅಲ್ಲಿಂದ ಮತ್ತೆ ಶುರು ಮಾಡಿದೆ. ಚಾಳಿನ ಹೆಂಗಸೊಬ್ಬಳು ಬಂದು, "ತಾಈ, ನಿಮ್ಮ ಸಹಿಗೆ ಐನೂರು ಕೊಟ್ಟೆ" ಅನ್ನುತ್ತಾಳೆ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ನನ್ನವಳ ಕನ್ನಡ ಕಿವಿಗೆ ಅದು ತಾಯಿ ಅಂತಲೇ ಬೀಳುತ್ತದೆ. ಇದನ್ನು ಹಿಡಿದು ಒಂದು ಪುಟ ಮೆರೆಯಬಹುದಿತ್ತು. ಚಿಕ್ಕಮ್ಮನ ನೆನಪಾಗಿ ಒಂದೇ ಸಾಲಿಗೆ ನಿಲ್ಲಿಸಿದೆ.

ಆ ರಾತ್ರಿ ಅವಳು ಗಂಡನ ಹತ್ತಿರ ಏನೂ ಕೇಳುವುದಿಲ್ಲ. ಲೆಟರ್‌ಹೆಡ್ ಕಟ್ಟು, ರಬ್ಬರ್ ಸ್ಟ್ಯಾಂಪು ಎರಡನ್ನೂ ತೊಟ್ಟಿಲ ಹಾಸಿಗೆಯ ಕೆಳಗೆ ಸೇರಿಸುತ್ತಾಳೆ. ಅವನು ಎರಡು ದಿನ ಮನೆಯೆಲ್ಲಾ ಜಾಲಾಡುತ್ತಾನೆ. ತೊಟ್ಟಿಲ ಹತ್ತಿರ ಅವನು ಯಾವತ್ತೂ ಬಂದವನೇ ಅಲ್ಲ.