ಕಾರಿನ ಆಂಪ್‌ಗೆ ವೈರಿಂಗ್: ಎಡವುವುದು ಅರ್ಥ್‌ನಲ್ಲೇ

ಚೌತಿಗೆ ಊರಿಗೆ ಹೊರಡುವ ಮುಂಚೆ ಡಿಕ್ಕಿಯಲ್ಲಿ ಸಬ್‌ವೂಫರ್ (ಬೇಸ್ ಬಡಿಯುವ ದೊಡ್ಡ ಸ್ಪೀಕರ್), ಅದನ್ನು ನಡೆಸುವ ಆಂಪ್ (ಆಂಪ್ಲಿಫೈಯರ್) ಕೂರಿಸಬೇಕೆಂಬ ಹುಮ್ಮಸ್ಸು ಮುಂಬೈ ಸುತ್ತಲಿನ ಡೊಂಬಿವಲಿ, ಮೀರಾ ರೋಡ್ ಕಡೆಯ ನಮ್ಮ ಹುಡುಗರಿಗೆ ಜಾಸ್ತಿ. ಪನ್ವೇಲ್ ದಾಟುವಷ್ಟರಲ್ಲಿ ಬೇಸ್ ಬಡಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ, ಆಂಪ್ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಬೈಗುಳ ಆಂಪ್‌ಗೆ, ತಪ್ಪು ಹೆಚ್ಚಾಗಿ ವೈರಿಂಗ್‌ದು.

ಮೊದಲು ಲೆಕ್ಕ. ಡಬ್ಬಿಯ ಮೇಲಿನ '3000 ವ್ಯಾಟ್' ಬಿಟ್ಟುಬಿಡಿ, ಆಂಪ್‌ನಲ್ಲೇ ಇರುವ ಫ್ಯೂಸ್ ನೋಡಿ. 25 ಆಂಪಿಯರ್‌ನವು ಎರಡಿದ್ದರೆ ಅದು ಎಳೆಯುವುದು ಹೆಚ್ಚೆಂದರೆ 50ರ ಆಸುಪಾಸು. ಎಂಜಿನ್ ಓಡುವಾಗಿನ 13.8 ವೋಲ್ಟ್‌ಗೆ ಗುಣಿಸಿದರೆ ಒಳಗೆ ಹೋಗುವುದು 690 ವ್ಯಾಟ್. ಕ್ಲಾಸ್ ಡಿ ಆಂಪ್ (ಕರೆಂಟ್ ಕಡಿಮೆ ಪೋಲು ಮಾಡುವ ಬಗೆ) ಅದರಲ್ಲಿ ಸುಮಾರು ಶೇ 80ನ್ನು ಸ್ಪೀಕರ್‌ಗೆ ಕೊಡುತ್ತದೆ, ಅಂದರೆ 550. 3000 ಎಲ್ಲಿಂದ ಬರಬೇಕು?

ಇಷ್ಟಕ್ಕೆ 4 ಗೇಜ್ ವೈರ್ ಬೇಕು (ಗೇಜ್ ಅಂದರೆ ದಪ್ಪದ ಅಳತೆ, ಅಂಕಿ ಚಿಕ್ಕದಾದಷ್ಟೂ ವೈರ್ ದಪ್ಪ), ಶುದ್ಧ ತಾಮ್ರದ್ದೇ. ಅಗ್ಗದ ಕಿಟ್‌ಗಳಲ್ಲಿ ಬರುವುದು ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ವೈರ್. ಅದರ ರೆಸಿಸ್ಟೆನ್ಸ್ ತಾಮ್ರದ್ದರ ಸುಮಾರು ಒಂದೂವರೆ ಪಟ್ಟು. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಂಗಡಿಯವರಿಗೇ ವಾಪಸ್ ಕೊಡಿ.

ಬ್ಯಾಟರಿಯ ಮೈನಸ್ ಬಿಚ್ಚಿ ಕೆಲಸ ಶುರು ಮಾಡಿ. ಮೈನ್ ಫ್ಯೂಸ್, 60 ಆಂಪಿಯರ್‌ದು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಅದು ಕಾಯುವುದು ವೈರನ್ನು, ಆಂಪನ್ನಲ್ಲ. ಫ್ಯೂಸನ್ನು ಡಿಕ್ಕಿಯಲ್ಲಿಟ್ಟರೆ ದಾರಿಯಲ್ಲಿ ವೈರ್ ಸವೆದು ಕಾರಿನ ತಗಡಿಗೆ ತಾಗಿದಾಗ ತಡೆಯುವವರೇ ಇಲ್ಲ, ಬೆಂಕಿಯೇ. ವೈರ್ ದಾಟುವ ತಗಡಿನ ತೂತಿಗೆ ರಬ್ಬರ್ ಗ್ರೊಮೆಟ್ (ಬಳೆ) ಹಾಕಿ. ಹಾಡಿನ ಸಿಗ್ನಲ್ ತರುವ ಆರ್‌ಸಿಎ ಕೇಬಲ್ ಕಾರಿನ ಇನ್ನೊಂದು ಬದಿಯಿಂದ ಬರಲಿ. ಆಂಪನ್ನು ಆನ್ ಮಾಡುವ ರಿಮೋಟ್ ವೈರ್ ಸ್ಟೀರಿಯೊದಿಂದ.

ಈಗ ಅರ್ಥ್, ಅಂದರೆ ಆಂಪ್‌ನ ಮೈನಸನ್ನು ಕಾರಿನ ತಗಡಿಗೆ ಜೋಡಿಸುವ ವೈರ್. ಪ್ಲಸ್ ವೈರಲ್ಲಿ ಹೋದ 50 ಆಂಪಿಯರ್ ಅಷ್ಟೂ ವಾಪಸ್ ಬರುವುದು ಇದರ ಮೂಲಕವೇ. ಆದ್ದರಿಂದ ಇದಕ್ಕೂ 4 ಗೇಜ್, ಉದ್ದ ಒಂದೂವರೆ ಅಡಿ ಮೀರದಂತೆ. ಸೀಟ್ ಬೆಲ್ಟ್‌ನ ಬೋಲ್ಟ್‌ಗೆ ಸಿಕ್ಕಿಸುವ ಫಿಟ್ಟರ್‌ಗಳಿದ್ದಾರೆ, ಬೇಡವೇ ಬೇಡ. ಅದು ಪ್ರಾಣ ಉಳಿಸುವ ಬೋಲ್ಟ್. ಮೇಲಾಗಿ ಅದರ ಥ್ರೆಡ್‌ಗೆ ಲೇಪ ಇರುತ್ತದೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಸೆಲ್ಫ್ ಸ್ಕ್ರೂ ಕೂಡ ಬೇಡ, ಅದು ಹಿಡಿದುಕೊಳ್ಳುವುದು ತೆಳು ತಗಡನ್ನು ಮಾತ್ರ. ದಪ್ಪ ತಗಡಿರುವ ಕಡೆ ಬೋಲ್ಟ್‌ಗೆ ತೂತು ಹೊಡೆಯಿರಿ. ಅದಕ್ಕೂ ಮೊದಲು ಕೆಳಗೆ ಬಗ್ಗಿ ನೋಡಿ: ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟಿನಡಿಯೇ ಪೆಟ್ರೋಲ್ ಟ್ಯಾಂಕ್. ರುಪಾಯಿ ನಾಣ್ಯಕ್ಕಿಂತ ಅಗಲವಾಗಿ ಪೇಂಟ್, ಪ್ರೈಮರ್ ಎರಡನ್ನೂ ಕೆರೆದು ಹೊಳೆಯುವ ಲೋಹ ಕಾಣಿಸಿ. ವೈರಿನ ತುದಿಗೆ ಕ್ರಿಂಪ್ ಮಾಡಿದ (ಒತ್ತಿ ಕೂರಿಸಿದ) ರಿಂಗ್ ಟರ್ಮಿನಲ್ ನೇರ ಲೋಹದ ಮೇಲೆ, ಆಮೇಲೆ ಸ್ಟಾರ್ ವಾಷರ್, ನಟ್. ಬಿಗಿದ ನಂತರ ಮೇಲೆಲ್ಲ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಮುಂಬೈನ ಉಪ್ಪುಗಾಳಿಗೆ, ಮಳೆಗಾಲಕ್ಕೆ ಕೆರೆದ ತಗಡು ಬೇಗ ತುಕ್ಕು ಹಿಡಿಯುತ್ತದೆ.

ಇಷ್ಟಾದರೂ ಕಣ್ಣಂದಾಜಿಗೆ ಬಿಡಬೇಡಿ, ಅಳೆಯಿರಿ. ಲ್ಯಾಮಿಂಗ್ಟನ್ ರೋಡ್‌ನ ಅಂಗಡಿಗಳಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಒಂದು ಕಡ್ಡಿಗೆ ಉದ್ದ ವೈರ್ ಜೋಡಿಸಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಆಂಪ್‌ನ ಮೈನಸ್‌ಗೆ ಇಡಿ. ಎಂಜಿನ್ ಓಡುತ್ತಿರಲಿ, 50 ಹರ್ಟ್ಸ್ ಟೋನ್ ಜೋರಾಗಿ ಕೆಲವೇ ಸೆಕೆಂಡ್ ಹಾಕಿ. 0.1 ವೋಲ್ಟ್‌ನ ಹತ್ತಿರ ಬಂದರೆ ಚೆನ್ನ. 50 ಆಂಪಿಯರ್ ಹರಿಯುವಾಗ 0.5 ಬಂತೆಂದರೆ ದಾರಿಯಲ್ಲಿ 25 ವ್ಯಾಟ್ ಸುಡುತ್ತಿದೆ, ಒಂದು ಸೋಲ್ಡರಿಂಗ್ ಐರನ್‌ನಷ್ಟು.

ಆಗ ಬ್ಯಾಟರಿ ಮೈನಸ್‌ನಿಂದ ಪಕ್ಕದ ಕಾರಿನ ತಗಡಿಗೆ ಮತ್ತೆ ಅಳೆಯಿರಿ. ಆ ವೋಲ್ಟ್‌ನ ಹೆಚ್ಚಿನ ಪಾಲು ಅಲ್ಲೇ ಕಂಡರೆ ತಪ್ಪು ನಿಮ್ಮ ಬೋಲ್ಟ್‌ದಲ್ಲ, ಬ್ಯಾಟರಿ ಮೈನಸ್‌ನಿಂದ ತಗಡಿಗೆ ಕಂಪನಿ ಹಾಕಿದ ವೈರ್ ಸಣ್ಣದು. ಅದನ್ನು ತೆಗೆಯದೆ ಜೊತೆಗೊಂದು 4 ಗೇಜ್ ಹಾಕಿ. ಬ್ಯಾಟರಿ ಮೈನಸ್‌ನಲ್ಲಿ ಪುಟ್ಟ ಸೆನ್ಸರ್ ಇರುವ ಹೊಸ ಕಾರಾದರೆ, ಸೆನ್ಸರ್ ದಾಟಿದ ನಂತರದ, ತಗಡಿನ ಕಡೆಯ ತುದಿಗೆ ಜೋಡಿಸಿ. ಆಂಪ್‌ನ ಗೇನ್ (ಸಿಗ್ನಲ್ ಎಷ್ಟು ಹಿಗ್ಗಬೇಕೆಂಬ ತಿರುಪು) ತಿರುಗಿಸುವ ಕೆಲಸ ಇದೆಲ್ಲ ಮುಗಿದ ಮೇಲೆ.