ಮೊದಲು ಕಿವಿಗೆ ಬಿದ್ದ ಸಂಖ್ಯೆಗೆ ಮನಸ್ಸು ಅಂಟದಂತೆ ಮಾಡುವುದು

ಬೆಲೆ, ಬಜೆಟ್, ಕೆಲಸ ಮುಗಿಯುವ ದಿನ, ಹೀಗೆ ಏನನ್ನೇ ಅಂದಾಜು ಮಾಡುವುದಿದ್ದರೂ ನಿಮ್ಮ ಸಂಖ್ಯೆಯನ್ನು ಮೊದಲೇ ಚೀಟಿಯಲ್ಲಿ ಬರೆದಿಡಿ, ಎದುರಿನವರು ಬಾಯಿ ಬಿಡುವ ಮುನ್ನ. ಕ್ರಮ ಹಿಂದುಮುಂದಾದರೆ ಪ್ರಯೋಜನವಿಲ್ಲ.

ಏಕೆಂದರೆ, ಮೊದಲು ಕೇಳಿದ ಸಂಖ್ಯೆ ನಮ್ಮ ಅಂದಾಜನ್ನು ತನ್ನತ್ತ ಸೆಳೆಯುತ್ತದೆ. ಮನಶ್ಶಾಸ್ತ್ರಜ್ಞರಾದ ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 0ಯಿಂದ 100ರವರೆಗೆ ಅಂಕಿಗಳಿದ್ದ ಚಕ್ರವನ್ನು ಜನರೆದುರೇ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಕೇಳಿದ್ದರು. ಚಕ್ರ 10ಕ್ಕೆ ನಿಂತ ಗುಂಪಿನ ಅಂದಾಜಿನ ಮಧ್ಯಾಂಕ (ಎಲ್ಲ ಉತ್ತರಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) 25, 65ಕ್ಕೆ ನಿಂತ ಗುಂಪಿನದು 45. ಚಕ್ರಕ್ಕೂ ಪ್ರಶ್ನೆಗೂ ಏನು ಸಂಬಂಧ ಹೇಳಿ! ನಿಖರವಾಗಿ ಊಹಿಸಿದವರಿಗೆ ಹಣ ಕೊಡುತ್ತೇವೆಂದರೂ ಈ ಸೆಳೆತ ತಗ್ಗಲಿಲ್ಲ.

ಬರೆಯುವಾಗ ಒಂದೇ ಸಂಖ್ಯೆ ಸಾಲದು. ಕನಿಷ್ಠ, ಗರಿಷ್ಠ, ಇವೆರಡರ ನಡುವೆ ನಿಮಗೆ ಸರಿಯೆನಿಸಿದ್ದು. ಪಕ್ಕದಲ್ಲೇ ಅರ್ಧ ಸಾಲಿನ ಕಾರಣ. ಕಾರಣ ಬರೆಯದಿದ್ದರೆ ಆಮೇಲೆ ಸದ್ದಿಲ್ಲದೆ ಸಂಖ್ಯೆ ತಿದ್ದಿಬಿಡುತ್ತೇವೆ. ಸಭೆಯಲ್ಲಾದರೆ ಎಲ್ಲರ ಚೀಟಿಗಳನ್ನೂ ಒಟ್ಟಿಗೇ ತೆರೆಯಿರಿ, ಹಿರಿಯ ಅಧಿಕಾರಿ ಕೊನೆಗೆ ಮಾತಾಡಲಿ. ಬಹಳಷ್ಟು ಕಡೆ ಎಡವಟ್ಟಾಗುವುದು ಇಲ್ಲೇ.

ಸಂಖ್ಯೆ ಆಗಲೇ ಕಿವಿಗೆ ಬಿದ್ದಿದ್ದರೆ? 'ನಾನು ಅದಕ್ಕೆ ಬಗ್ಗಲ್ಲ' ಎಂದುಕೊಂಡರೆ ಹೆಚ್ಚೇನೂ ಆಗದು. ಆ ಸಂಖ್ಯೆ ಏಕೆ ತಪ್ಪಿರಬಹುದು ಎಂಬುದಕ್ಕೆ ಮೂರು ಕಾರಣ ಬರೆದು, ಮತ್ತೆ ಅಂದಾಜು ಮಾಡಿ. ಸೆಳೆತ ಪೂರ್ತಿ ಹೋಗದು, ಸಡಿಲವಂತೂ ಆಗುತ್ತದೆ.

ಶೇಕಡಾವಾರು ಮಾತು ಬಂದರೆ ಅದನ್ನು ತಿರುಗಿಸಿಯೂ ಓದಿ: 'ನೂರಕ್ಕೆ 90 ಜನ ಬದುಕುತ್ತಾರೆ' ಅಂದರೆ 10 ಜನ ಸಾಯುತ್ತಾರೆ. ಈ ಮಾತಿನ ವರಸೆಗೆ ವೈದ್ಯರೂ ಬಗ್ಗಿದ್ದು 1982ರ ಅಧ್ಯಯನದಲ್ಲಿ ಕಂಡುಬಂದಿದೆ.