ಗ್ಯಾಸು ಕಾಲಿಗೆ ಇಳಿಯುತ್ತಾ? ನನ್ನ ಅನುಭವ

ಹೊಟ್ಟೆ ಉಬ್ಬರಿಸಿದ ದಿನ ನನ್ನ ಎಡತೊಡೆ ಎಳೆದ ಹಾಗೆ ನೋಯುತ್ತಿತ್ತು. ರಾತ್ರಿಯಾದರೆ ಎರಡೂ ಪಾದಕ್ಕೆ ಜೋಮು, ಉರಿ. ಏಟು ಬಿದ್ದಿರಲಿಲ್ಲ, ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. 'ಗ್ಯಾಸು ಕಾಲಿಗೆ ಇಳಿದಿದೆ' ಅಂತ ಹೇಳದವರಿಲ್ಲ.

ಡಾಕ್ಟರು ಮೊದಲು ಕಾಲನ್ನೇ ನೋಡಿದರು. ಒಂದೇ ಕಾಲು ಊದಿ ಬಿಸಿಯಾಗಿದೆಯಾ, ನಡೆದರೆ ನೋವು ಬಂದು ನಿಂತರೆ ಹೋಗುತ್ತಾ, ಮೂತ್ರದ ಹಿಡಿತ ತಪ್ಪಿದೆಯಾ ಅಂತ ಕೇಳಿದರು. ಮೊದಲನೆಯದು ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣ, ಎರಡನೆಯದು ರಕ್ತನಾಳದ್ದು, ಮೂರನೆಯದು ಬೆನ್ನಿನ ನರದ್ದು. ಇವು ಇದ್ದರೆ ಮನೆಮದ್ದು ಮಾಡುತ್ತಾ ಕೂರುವ ಹಾಗಿಲ್ಲ. ನನಗೆ ಯಾವುದೂ ಇರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಏನು ತಿಂದೆ, ಹೊಟ್ಟೆ ಹೇಗಿತ್ತು, ಕಾಲು ಹೇಗಿತ್ತು, ಅಷ್ಟೇ. ಬರೆಯುತ್ತಾ ಹೋದ ಹಾಗೆ ಇವು ಎರಡು ಬೇರೆ ಬೇರೆ ನೋವು ಅಂತ ಗೊತ್ತಾಯಿತು.

ತೊಡೆನೋವು ಬರುತ್ತಿದ್ದದ್ದು ಅವರೆಕಾಳು, ಕಡಲೆಕಾಳಿನ ಉಸಲಿ ತಿಂದ ಮೇಲೆ, ಇಲ್ಲವೇ ಮಲಬದ್ಧತೆಯ ದಿನ. ಹೊಟ್ಟೆ ಹಗುರಾದರೆ ಅದೂ ಇಳಿಯುತ್ತಿತ್ತು. ಗಾಳಿಗೆ ಕರುಳು ಬಿಟ್ಟು ಕಾಲಿಗೆ ಹೋಗೋಕೆ ದಾರಿಯೇ ಇಲ್ಲ. ಆದರೆ ಕರುಳಿನ ನರಗಳೂ ಸೊಂಟ, ತೊಡೆಸಂದಿನ ನರಗಳೂ ಬೆನ್ನುಹುರಿಯಲ್ಲಿ ಹತ್ತಿರ ಹತ್ತಿರವೇ ಸೇರುತ್ತವೆ. ಹಾಗಾಗಿ ಹೊಟ್ಟೆಯ ನೋವು ಕೆಳಗಡೆ ಅನಿಸಬಹುದು ಅಂತ ಡಾಕ್ಟರು ವಿವರಿಸಿದರು.

ಪಾದದ ಜೋಮಿಗೂ ಊಟಕ್ಕೂ ತಾಳೆಯೇ ಆಗಲಿಲ್ಲ. ಆಗ ಡಾಕ್ಟರು ಕೇಳಿದ್ದು ಮಾತ್ರೆಯ ಬಗ್ಗೆ. ವರ್ಷಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೆ. ನಮ್ಮಲ್ಲಿ ಇದನ್ನು ಗ್ಯಾಸಿನ ಮಾತ್ರೆ ಅಂತಾರೆ, ಅದು ತಗ್ಗಿಸುವುದು ಹೊಟ್ಟೆಯ ಆಮ್ಲವನ್ನು. ಆಹಾರದಲ್ಲಿರುವ ವಿಟಮಿನ್ ಬಿ12 ಬಿಡಿಸಿಕೊಳ್ಳೋಕೆ ಆ ಆಮ್ಲ ಬೇಕು. ಜೊತೆಗೆ ನಾನು ಸಸ್ಯಾಹಾರಿ, ಹಾಲು ಮೊಸರು ಬಿಟ್ಟರೆ ಬಿ12ಗೆ ಬೇರೆ ಮೂಲವಿಲ್ಲ. ರಕ್ತಪರೀಕ್ಷೆಯಲ್ಲಿ ಅದು ತೀರಾ ಕಡಿಮೆ ಇತ್ತು. ಬಿ12 ಕಡಿಮೆಯಾದರೆ ನರಗಳಿಗೆ ಪೆಟ್ಟಾಗಿ ಪಾದಕ್ಕೆ ಜೋಮು, ಉರಿ ಬರಬಹುದು. ಅಂದರೆ ಗ್ಯಾಸಿಗೂ ಕಾಲಿಗೂ ನಂಟು ಇದ್ದದ್ದು ನಿಜ, ಮಾತ್ರೆಯ ಮೂಲಕ!

ಇಂಜೆಕ್ಷನ್ ಕೊಟ್ಟರು, ನಂತರ ಬಿ12 ಮಾತ್ರೆ. ಪ್ಯಾಂಟೊಪ್ರಜೋಲನ್ನು ಅವರು ಹೇಳಿದಂತೆ ಮೆಲ್ಲಗೆ ಕಡಿಮೆ ಮಾಡಿದೆ. ಒಮ್ಮೆಗೇ ನಿಲ್ಲಿಸಿದರೆ ಎದೆಯುರಿ ಜಾಸ್ತಿಯಾಗಬಹುದು. ಊಟದ ನಂತರ ಸ್ವಲ್ಪ ನಡೆಯುತ್ತೇನೆ. ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲುತ್ತೇವೆ. ಹುರುಳಿ ಬೇಯಿಸಿದ ಕಟ್ಟನ್ನು ಮಾತ್ರ ಚೆಲ್ಲುವುದಿಲ್ಲ, ಸಾರಿನ ರುಚಿಯೇ ಅದು ಅಲ್ವಾ?

ತೊಡೆನೋವು ಈಗ ಅಪರೂಪ. ಜೋಮು ಬೇಗ ಹೋಗಲಿಲ್ಲ. ನರಕ್ಕೆ ತಿಂಗಳುಗಟ್ಟಲೆ ಬೇಕಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಬೆರಳ ತುದಿಯಲ್ಲಿ ಇನ್ನೂ ಸ್ವಲ್ಪ ಇದೆ.